ತಟ್ಟೆ, ಮುಳ್ಳು, ವೇಗ: ಟರ್ನ್‌ಟೇಬಲ್ ಆರಿಸುವ ಬಗೆ

ಹಾಡಿನ ತಟ್ಟೆಗೆ ಹೊಸೂರಿನ ಒಂದೇ ಬೀದಿಯಲ್ಲಿ ಮೂರು ಹೆಸರುಗಳು ಕೇಳಿಬರುವುದುಂಟು. ತಮಿಳರಿಗೆ ಅದು ಇಸೈತ್ತಟ್ಟು. ಕನ್ನಡದ ಹಳಬರಿಗೆ ಪ್ಲೇಟು. ಮನೆಯಲ್ಲಿ ಮರಾಠಿಯಾಡುವವರಿಗೆ ತಬಕಡಿ. ಮೂರು ಭಾಷೆಗಳೂ ಊಟದ ಪಾತ್ರೆಯ ಹೆಸರನ್ನೇ ಎತ್ತಿಕೊಂಡಿವೆ. ಮರಾಠಿಯ ತಬಕಡಿಯೊಳಗಿರುವ ತಬಕವೂ ಕನ್ನಡಿಗರು ಎಲೆ ಅಡಿಕೆ ಇಡುವ ತಬಕೂ ಅರಬ್ಬಿಯಿಂದ ಬಂದ ಒಂದೇ ಮಾತು. ಆದರೆ ತಟ್ಟೆಯ ಮೇಲಿರುವುದನ್ನು ಬಡಿಸುವ ಯಂತ್ರಕ್ಕೆ ಮೂರರಲ್ಲಿಯೂ ದೇಶ್ಯವಾದ ಹೆಸರು ನೆಲೆಗೊಳ್ಳಲಿಲ್ಲ. ಅದು ಟರ್ನ್‌ಟೇಬಲ್ ಆಗಿಯೇ ಉಳಿಯಿತು.

ಈಗ ಆ ಯಂತ್ರ ಮರಳಿ ಬಂದಿದೆ, ದುಬಾರಿಯಾಗಿ ಬಂದಿದೆ. ಅಟ್ಟದ ಮೇಲಿನ ಪ್ಲೇಟುಗಳನ್ನು ಕೆಳಗಿಳಿಸಿ, ಹಳೆಯ ಪ್ಲೇಯರಿನ ಬದಲಿಗೆ ಒಂದೆರಡು ಲಕ್ಷ ರೂಪಾಯಿಯ ಟರ್ನ್‌ಟೇಬಲ್ ತರಬೇಕೆನ್ನುವವರು ಬೆಂಗಳೂರಿನಲ್ಲಿ ಮಾತ್ರವಲ್ಲ, ಅದಕ್ಕೆ ನಲವತ್ತು ಕಿಲೋಮೀಟರ್ ದೂರದ ಹೊಸೂರಿನಲ್ಲಿಯೂ ಇದ್ದಾರೆ. ಅಂಥ ಒಂದು ಮನೆಯನ್ನು ಇಲ್ಲಿ ಉದಾಹರಣೆಗೆ ತೆಗೆದುಕೊಳ್ಳಬಹುದು. ಮನೆಯ ಯಜಮಾನರು ಬೆಳಗಾವಿಯ ಕಡೆಯವರು. 1980ರ ದಶಕದಲ್ಲಿ ಹೊಸೂರಿನ ಕಾರ್ಖಾನೆಗಳು ಒಂದೊಂದಾಗಿ ತೆರೆಯುತ್ತಿದ್ದ ಕಾಲಕ್ಕೆ ಟೂಲ್‌ರೂಮಿನ ಕೆಲಸಕ್ಕೆ ಬಂದು ಇಲ್ಲಿಯೇ ನೆಲೆನಿಂತು ನಿವೃತ್ತರಾದವರು. ಅವರ ಬಳಿ ತಂದೆಯಿಂದ ಬಂದ ನೂರರಷ್ಟು 78ರ ಪ್ಲೇಟುಗಳಿವೆ: ಮರಾಠಿ ನಾಟ್ಯಸಂಗೀತ, ಹುಬ್ಬಳ್ಳಿ ಧಾರವಾಡದ ಗಾಯಕರ ಖಯಾಲು, ಕನ್ನಡದ ಭಕ್ತಿಗೀತೆ. ತಾವೇ ಕೊಂಡ ಎಲ್ಪಿಗಳೂ ಇವೆ. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಮಗಳು ಒಂದು ಭಾನುವಾರ ಬಂದು, “ಅಪ್ಪಾ, ಎರಡು ಲಕ್ಷ ತೆಗೆದಿಟ್ಟೀನಿ. ಯಾವ ಮಷಿನ್ ಬೇಕು, ನೀವೇ ಹೇಳ್ರಿ” ಎಂದಳು. “ಮಷಿನ್ ಆಮ್ಯಾಲೆ ನೋಡೋಣವ್ವಾ, ಮೊದಲು ಪ್ಲೇಟು ನೋಡು” ಎಂಬುದು ಅವರ ಉತ್ತರ.

ಆ ಉತ್ತರದಲ್ಲಿ ಇಡೀ ವಿಷಯವೇ ಅಡಗಿದೆ. ಕನ್ನಡ ಐಚ್ಛಿಕದ ವಿದ್ಯಾರ್ಥಿಗಳಿಗೆ ಗ್ರಂಥಸಂಪಾದನೆ ಪರಿಚಿತವಾದ ಶಾಸ್ತ್ರ. ಓಲೆಗರಿ ಯಾವುದು, ಲಿಪಿ ಯಾವ ಕಾಲದ್ದು, ಲಿಪಿಕಾರ ಎಲ್ಲಿ ತಪ್ಪಿದ್ದಾನೆ, ಎಲ್ಲಿ ಪಾಠ ತ್ರುಟಿತವಾಗಿದೆ ಎಂಬುದನ್ನು ತಿಳಿಯದೆ ಯಾವ ಸಂಪಾದಕನೂ ಲೇಖನಿ ಎತ್ತುವುದಿಲ್ಲ. ಧ್ವನಿಮುದ್ರಿಕೆಯೂ ಒಂದು ಮೂಲ ಪ್ರತಿ. ಟರ್ನ್‌ಟೇಬಲ್ ಅದನ್ನು ಓದುವ ಸಾಧನ. ಓದುವವನು ತನ್ನ ಮಾತನ್ನು ನಡುವೆ ಸೇರಿಸಿದರೆ ಅದು ಪ್ರಕ್ಷಿಪ್ತ. ಇರುವುದನ್ನು ಬಿಟ್ಟರೆ ಲೋಪ. ಓಲೆಗರಿಗೂ ತಟ್ಟೆಗೂ ಒಂದು ವ್ಯತ್ಯಾಸವಿದೆ, ಅದು ಭಯ ಹುಟ್ಟಿಸುವಂಥದು. ಓಲೆಗರಿಯನ್ನು ಕಣ್ಣಿನಿಂದ ತಪ್ಪಾಗಿ ಓದಿದರೆ ಗರಿಗೆ ಏನೂ ಆಗುವುದಿಲ್ಲ, ಮುಂದಿನವನು ಸರಿಯಾಗಿ ಓದಬಹುದು. ತಟ್ಟೆಯನ್ನು ತಪ್ಪಾದ ಮುಳ್ಳಿನಿಂದ ಓದಿದರೆ ಆ ಓದಿನಲ್ಲಿಯೇ ಮೂಲ ಸವೆಯುತ್ತದೆ.

ಮೊದಲು ತಟ್ಟೆಯ ಜಾತಿ. 78ರ ಪ್ಲೇಟು ಅರಗಿನದು. ಪಾಂಡವರನ್ನು ಸುಡಲು ಕಟ್ಟಿಸಿದ ಮನೆಯ ದ್ರವ್ಯವೇ ಇಪ್ಪತ್ತನೆಯ ಶತಮಾನದ ಮೊದಲರ್ಧದ ಸಂಗೀತವನ್ನು ಹೊತ್ತು ತಂದಿತು. ಜಗತ್ತಿನ ಗ್ರಾಮಫೋನ್ ಕಂಪನಿಗಳಿಗೆ ಅರಗು ಹೋಗುತ್ತಿದ್ದುದು ಬಹುಪಾಲು ಭಾರತದ ಕಾಡುಗಳಿಂದ. ಅರಗಿನ ಜೊತೆಗೆ ನುಣುಪಾದ ಕಲ್ಲಿನ ಪುಡಿಯನ್ನು ಬೆರೆಸುತ್ತಿದ್ದರು. ಉಕ್ಕಿನ ಮುಳ್ಳು ಮೊದಲ ಕೆಲವು ಸುತ್ತುಗಳಲ್ಲಿ ಆ ಪುಡಿಗೆ ಉಜ್ಜಿಕೊಂಡು ತೋಡಿನ ಆಕಾರಕ್ಕೆ ತಾನೇ ಸವೆಯಲಿ ಎಂಬುದು ಉದ್ದೇಶ. ಒಂದು ಬದಿ ನುಡಿಸಿದ ಮೇಲೆ ಮುಳ್ಳನ್ನು ಎಸೆಯಬೇಕಾಗಿತ್ತು. ಎಸೆಯದೆ ಹತ್ತು ಪ್ಲೇಟು ನುಡಿಸಿದ ಮನೆಗಳೇ ಹೆಚ್ಚು. ಇಂದು ಕೈಗೆ ಸಿಗುವ 78ರ ಪ್ಲೇಟುಗಳ ಕರಕರ ಸದ್ದಿಗೆ ಅರ್ಧ ಕಾರಣ ಆ ಜಿಪುಣತನ.

ಎಲ್ಪಿ ಬಂದದ್ದು 1948ರಲ್ಲಿ, 45ರ ಸಣ್ಣ ತಟ್ಟೆ 1949ರಲ್ಲಿ. ಇವು ವಿನೈಲಿನವು, ಇವುಗಳ ತೋಡು ತೀರ ಕಿರಿದು. ಭಾರತದಲ್ಲಿ ಮಾತ್ರ 1960ರ ದಶಕದಲ್ಲಿಯೂ 78ರ ಅರಗಿನ ಪ್ಲೇಟುಗಳು ತಯಾರಾಗುತ್ತಲೇ ಇದ್ದವು. ಆದ್ದರಿಂದ ನಮ್ಮ ಮನೆಗಳಲ್ಲಿ ಎರಡೂ ಜಾತಿ ಬೆರೆತಿರುವುದು ಸಹಜ. ಇನ್ನೊಂದು ಎಚ್ಚರಿಕೆ ಇಲ್ಲಿಯೇ ಹೇಳಿಬಿಡಬೇಕು: ಅರಗು ಮದ್ಯಸಾರದಲ್ಲಿ ಕರಗುತ್ತದೆ. ಎಲ್ಪಿ ತೊಳೆಯಲು ಮಾರುವ ದ್ರವಗಳಲ್ಲಿ ಹಲವಕ್ಕೆ ಮದ್ಯಸಾರ ಬೆರೆಸಿರುತ್ತಾರೆ. ಅದನ್ನು 78ರ ಪ್ಲೇಟಿಗೆ ಹಾಕಿದರೆ ಹಾಡೇ ತೊಳೆದುಹೋಗುತ್ತದೆ.

ಮುಳ್ಳಿನ ವಿಚಾರ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. 78ರ ತೋಡಿಗೆ ಬೇಕಾದ ಮುಳ್ಳಿನ ಮೊನೆಯ ತ್ರಿಜ್ಯ 65ರಿಂದ 75 ಮೈಕ್ರಾನ್. ಎಲ್ಪಿಗೆ ಗುಂಡು ಮೊನೆಯಾದರೆ 15ರಿಂದ 18 ಮೈಕ್ರಾನ್, ಅಂಡಾಕಾರದ್ದಾದರೆ ಅಡ್ಡಲಾಗಿ 18, ತೋಡಿನ ಗೋಡೆಗೆ ತಾಗುವ ಕಡೆ 8. ಎಲ್ಪಿಯ ಮುಳ್ಳನ್ನು 78ರ ತೋಡಿಗಿಳಿಸಿದರೆ ಅದು ಗೋಡೆಗಳನ್ನು ಮುಟ್ಟದೆ ತಳದ ಕಸದಲ್ಲಿ ಓಲಾಡುತ್ತ ಸಾಗುತ್ತದೆ. ಕೇಳಿಬರುವುದು ಹಾಡಿಗಿಂತ ಹೆಚ್ಚಾಗಿ ಕಸ. 78ರ ಮುಳ್ಳನ್ನು ಎಲ್ಪಿಗಿಳಿಸಿದರೆ ಅದು ತೋಡಿನೊಳಕ್ಕೆ ಹೋಗದೆ ಅಂಚುಗಳನ್ನು ಉಳುತ್ತ ಹೋಗುತ್ತದೆ. ಹೊಸೂರಿನ ಆ ಮನೆಯ ಹಳೆಯ ಪೆಟ್ಟಿಗೆ ಪ್ಲೇಯರಿನಲ್ಲಿ ಇದಕ್ಕೆ ಸರಳವಾದ ಉಪಾಯವಿತ್ತು: ತಲೆಯಲ್ಲಿದ್ದ ಪುಟ್ಟ ಗುಬುಟನ್ನು ತಿರುಗಿಸಿದರೆ ಒಂದು ಬದಿಗೆ 78ರ ಮುಳ್ಳು, ಇನ್ನೊಂದು ಬದಿಗೆ ಎಲ್ಪಿಯದು. ಅಗ್ಗದ ಪೆಟ್ಟಿಗೆಗೆ ಇದ್ದ ಈ ತಿಳಿವಳಿಕೆ ಇಂದಿನ ಲಕ್ಷಾಂತರ ರೂಪಾಯಿಯ ಹಲವು ಯಂತ್ರಗಳಿಗೆ ಇಲ್ಲ. ಆದರೆ ಆ ಮುಳ್ಳುಗಳು ವಜ್ರದವಲ್ಲ, ಕೃತಕ ನೀಲಮಣಿಯವು. ನೀಲಮಣಿ ಕೆಲವೇ ಹತ್ತು ಗಂಟೆಗಳಲ್ಲಿ ಸವೆದು ಉಳಿಯಂತಾಗುತ್ತದೆ. ವಜ್ರ ನೂರಾರು ಗಂಟೆ ತಾಳುತ್ತದೆ. ಟೈಟಾನ್ ಕೈಗಡಿಯಾರಗಳ ಊರಿನಲ್ಲಿ ನೆಲೆಸಿದವರಿಗೆ ಮಣಿಯ ಮೇಲೆ ಲೋಹ ತಿರುಗಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮುಳ್ಳಿನ ಅಳತೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸಂಪಾದನಶಾಸ್ತ್ರ ಓದುವವರಿಗೆ ಇದು ಹಿಡಿಸೀತು. ಹಳೆಯ ಉಕ್ಕಿನ ಮುಳ್ಳು ತೋಡಿನ ಗೋಡೆಯನ್ನು ಒಂದು ನಿರ್ದಿಷ್ಟ ಎತ್ತರದಲ್ಲಿ ಸವೆಸಿರುತ್ತದೆ. ಅದಕ್ಕಿಂತ ತುಸು ದಪ್ಪ ಅಥವಾ ತುಸು ಸಣ್ಣ ಮೊನೆಯ ಮುಳ್ಳನ್ನು ಇಳಿಸಿದರೆ ಅದು ಗೋಡೆಯ ಮೇಲುಭಾಗವನ್ನೋ ಕೆಳಭಾಗವನ್ನೋ ತಾಗುತ್ತದೆ. ಅಲ್ಲಿ ಯಾರೂ ಓದದ, ಸವೆಯದ ಪಾಠ ಹಾಗೆಯೇ ಉಳಿದಿರುತ್ತದೆ. ಹಳೆಯ ಧ್ವನಿಗಳನ್ನು ರಕ್ಷಿಸುವ ಭಂಡಾರಗಳವರು ಒಂದೇ ಪ್ಲೇಟಿಗೆ ಹಲವು ಅಳತೆಯ ಮುಳ್ಳುಗಳನ್ನು ಇಟ್ಟು ನೋಡಿ ಆರಿಸಿಕೊಳ್ಳುವುದು ಈ ಕಾರಣಕ್ಕೆ. ಹಾಳಾಯಿತೆಂದು ಮೂಲೆಗೆ ಸೇರಿದ ಪ್ಲೇಟು ಐದು ಮೈಕ್ರಾನ್ ಆಚೀಚೆ ಮಾಡಿದೊಡನೆ ಮಾತಾಡುವುದುಂಟು.

ಎಲ್ಪಿಯಲ್ಲಿ ತೊಂದರೆ ಬೇರೆ. ತಟ್ಟೆ ಒಂದೇ ವೇಗದಲ್ಲಿ ಸುತ್ತಿದರೂ ಮುಳ್ಳಿನ ಕೆಳಗೆ ತೋಡು ಹರಿಯುವ ವೇಗ ಒಂದೇ ಅಲ್ಲ. ಹೊರಸುತ್ತಿನಲ್ಲಿ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ತೋಡು ಹಾದುಹೋಗುತ್ತದೆ. ಒಳಸುತ್ತಿಗೆ ಬರುವ ಹೊತ್ತಿಗೆ ಅದು 21ಕ್ಕೆ ಇಳಿಯುತ್ತದೆ. ಅಷ್ಟೇ ಧ್ವನಿಯನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಬರೆಯಬೇಕು. ಗರಿಯ ಕೊನೆಗೆ ಬಂದ ಲಿಪಿಕಾರ ಅಕ್ಷರಗಳನ್ನು ಕಿರಿದುಗೊಳಿಸಿ ಒತ್ತಿದಂತೆ. ಸೆಕೆಂಡಿಗೆ ಹತ್ತು ಸಾವಿರ ಕಂಪನದ ಒಂದು ಅಲೆ ಅಲ್ಲಿ 21 ಮೈಕ್ರಾನ್ ಉದ್ದವಿರುತ್ತದೆ. 17 ಮೈಕ್ರಾನ್ ತ್ರಿಜ್ಯದ ಗುಂಡು ಮೊನೆ ಆ ಅಲೆಯ ಕಣಿವೆಗೆ ಇಳಿಯಲಾರದು. ಸಕಾರ ಶಕಾರಗಳು ಒಂದಾಗುವುದು, ತಂಬೂರಿ ಮಸುಕಾಗುವುದು, ತಟ್ಟೆಯ ಕೊನೆಯಲ್ಲಿರುವ ಭೈರವಿಯೋ ಮಂಗಳವೋ ಒಡೆದ ದನಿಯಲ್ಲಿ ಕೇಳುವುದು ಇದರಿಂದ. ಅಂಡಾಕಾರದ ಮುಳ್ಳು, ಅದಕ್ಕಿಂತ ಸೂಕ್ಷ್ಮವಾಗಿ ಸಾಣೆ ಹಿಡಿದ ರೇಖಾಕಾರದ ಮುಳ್ಳು ಇವು ಈ ಬಿಕ್ಕಟ್ಟಿಗಾಗಿಯೇ ಬಂದವು. ಎಲ್ಪಿ ಕೇಳುವವರು ಹೆಚ್ಚಿನ ಹಣವನ್ನು ಮೊದಲು ಸುರಿಯಬೇಕಾದ ಜಾಗ ಇದು. ಮೂವತ್ತು ಸಾವಿರದ ಟರ್ನ್‌ಟೇಬಲ್ಲಿಗೆ ಒಳ್ಳೆಯ ಮುಳ್ಳು ಹಾಕಿದರೆ ಮಂಗಳ ಕೇಳುತ್ತದೆ. ಮೂರು ಲಕ್ಷದ್ದಕ್ಕೆ ಸವೆದ ಮುಳ್ಳು ಹಾಕಿದರೆ ಕೇಳುವುದಿಲ್ಲ.

ಇನ್ನು ವೇಗ. ಸಾಹಿತ್ಯದ ವಿದ್ಯಾರ್ಥಿಗಳು ಉದಾಸೀನ ಮಾಡಬಾರದ ಭಾಗ ಇದು. ವೇಗ ತಪ್ಪಿದರೆ ಶ್ರುತಿ ತಪ್ಪುತ್ತದೆ, ಕಾಲ ತಪ್ಪುತ್ತದೆ, ಕಂಠದ ಬಣ್ಣವೂ ತಪ್ಪುತ್ತದೆ. ಅಮೆರಿಕದಿಂದ ಸಂಬಂಧಿಕರು ತಂದುಕೊಟ್ಟ ಟರ್ನ್‌ಟೇಬಲ್ಲುಗಳು ಇತ್ತೀಚೆಗೆ ಹಲವು ಮನೆಗಳಿಗೆ ಬರುತ್ತಿವೆ. ಅಲ್ಲಿನ ವಿದ್ಯುತ್ತಿನ ಆವರ್ತನ 60, ಇಲ್ಲಿಯದು 50. ಹಳೆಯ ಮಾದರಿಯ ಸಿಂಕ್ರೊನಸ್ ಮೋಟಾರು ಆವರ್ತನವನ್ನೇ ಅನುಸರಿಸಿ ತಿರುಗುತ್ತದೆ. ವೋಲ್ಟೇಜನ್ನು ಟ್ರಾನ್ಸ್‌ಫಾರ್ಮರ್ ಇಳಿಸಿಕೊಟ್ಟರೂ ಆವರ್ತನವನ್ನು ಬದಲಿಸಲಾರದು. ಪರಿಣಾಮವಾಗಿ ತಟ್ಟೆ ಆರರಲ್ಲಿ ಐದು ಪಾಲು ವೇಗದಲ್ಲಿ ಸುತ್ತುತ್ತದೆ, ಹಾಡು ಮೂರು ಸ್ವರಸ್ಥಾನ ಕೆಳಕ್ಕೆ ಕುಸಿಯುತ್ತದೆ. ಮರಾಠಿ ರಂಗಭೂಮಿಯ ಗಾಯಕರು ಹಾರ್ಮೋನಿಯಮ್ಮಿನ ಮನೆಗಳನ್ನು ಕಾಳೀ ಎಕ್, ಪಾಂಢರೀ ಚಾರ್ ಎಂದು ಎಣಿಸುತ್ತಾರೆ. ಕರ್ನಾಟಕ ಸಂಗೀತದವರು ಕಟ್ಟೆಯ ಲೆಕ್ಕ ಹೇಳುತ್ತಾರೆ. ಕಾಳೀ ಎಕ್‌ನಲ್ಲಿ ಹಾಡಿದವರು ಈ ಯಂತ್ರದ ಮೇಲೆ ಕೆಳಸ್ಥಾಯಿಯ ಕಾಳೀ ಪಾಚ್‌ನಲ್ಲಿ ಹಾಡುತ್ತಾರೆ. ಹಾಡಿದವರು ಹೆಂಗಸೋ ಗಂಡಸೋ ಎಂಬ ಅನುಮಾನ ಬಂದರೂ ಆಶ್ಚರ್ಯವಿಲ್ಲ.

ಅಮೆರಿಕದ ಯಂತ್ರವೇ ಬೇಕೆಂದಿಲ್ಲ. ದಕ್ಷಿಣ ಭಾರತದ ವಿದ್ಯುತ್ ಜಾಲ ದೇಶದ ಉಳಿದ ಜಾಲದೊಡನೆ ಕೂಡಿಕೊಂಡದ್ದು 2013ರ ಡಿಸೆಂಬರ್ 31ರಂದು. ಅದಕ್ಕೂ ಮುಂಚೆ ಬೇಡಿಕೆ ಹೆಚ್ಚಿದ ಹೊತ್ತಿನಲ್ಲಿ ಇಲ್ಲಿಯ ಆವರ್ತನ 49ರ ಹತ್ತಿರಕ್ಕೆ ಜಗ್ಗುವುದಿತ್ತು. ಎರಡು ಪ್ರತಿಶತ ಇಳಿಕೆ ಎಂದರೆ ಒಂದು ಸ್ವರಸ್ಥಾನದ ಅಂತರದಲ್ಲಿ ಮೂರನೆಯ ಒಂದು ಪಾಲು. ಕಛೇರಿಯಲ್ಲಿ ತಂಬೂರಿ ಅಷ್ಟು ಇಳಿದರೆ ಎದುರು ಕುಳಿತವರು ಎದ್ದು ಹೋದಾರು. ಪ್ಲೇಟು ಅಷ್ಟು ಇಳಿದಾಗ ಮಾತ್ರ ಹಳೆಯ ಕಾಲದವರ ಶ್ರುತಿಯೇ ಹಾಗಿತ್ತೆಂದು ತಲೆದೂಗಿದವರಿದ್ದಾರೆ.

ಇದರ ಪೆಟ್ಟು ಎಲ್ಲಿ ಬೀಳುತ್ತದೆಂಬುದಕ್ಕೆ ಗಂಗೂಬಾಯಿ ಹಾನಗಲ್ಲರ ಪ್ಲೇಟುಗಳೇ ಸಾಕ್ಷಿ. ಆರಂಭದ ದಿನಗಳಲ್ಲಿ ಅವರ ಧ್ವನಿಮುದ್ರಿಕೆಗಳ ಮೇಲೆ ಅಚ್ಚಾದ ಹೆಸರು ಗಾಂಧಾರಿ. ಆ ಪ್ಲೇಟುಗಳಲ್ಲಿರುವುದು ತೆಳುವಾದ, ಎತ್ತರದ ಹೆಣ್ಣುದನಿ. ಗಂಟಲಿನ ಚಿಕಿತ್ಸೆಯ ಬಳಿಕ ಕಂಠ ಬದಲಾಗಿ ಮುಂದೆ ಜಗತ್ತು ಅರಿತ ಗಂಭೀರ ದನಿ ಬಂದಿತು. ಒಬ್ಬ ಗಾಯಕಿಯ ಕಂಠದ ಈ ಚರಿತ್ರೆಗೆ ಆಧಾರ ತಟ್ಟೆಗಳೇ. ಎಂಟು ಪ್ರತಿಶತ ಹೆಚ್ಚು ವೇಗದಲ್ಲಿ ಸುತ್ತುವ ಯಂತ್ರದಲ್ಲಿ ಗಾಂಧಾರಿಯ ದನಿ ಇದ್ದುದಕ್ಕಿಂತ ಎಳೆಯದಾಗಿ ಕೇಳುತ್ತದೆ. ಕಡಿಮೆ ವೇಗದಲ್ಲಿ ಆಕೆ ಆಗಲೇ ಗಂಗೂಬಾಯಿಯಾಗಿರುತ್ತಾರೆ. ಅದೂ ಅಲ್ಲದೆ 78 ಎಂಬುದು ಹೆಸರಿಗೆ ಮಾತ್ರ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳ ಪ್ಲೇಟುಗಳನ್ನು ಎಪ್ಪತ್ತರ ಆಸುಪಾಸಿನಿಂದ ಎಂಬತ್ತನ್ನು ಮೀರಿದ ವೇಗದವರೆಗೂ ಕೊರೆದಿದ್ದಾರೆ. ಬರಿಯ 78ರ ಗುಂಡಿಯಿದ್ದರೆ ಸಾಲದು, ಆ ವೇಗವನ್ನು ಚೂರುಚೂರಾಗಿ ಏರಿಸಿ ಇಳಿಸುವ ಅವಕಾಶವೂ ಬೇಕು.

ಭಾಷಾವಿಜ್ಞಾನದವರಿಗೂ ಇದೇ ಕಷ್ಟ. ಗ್ರಿಯರ್ಸನ್ನರ ಭಾರತೀಯ ಭಾಷಾ ಸಮೀಕ್ಷೆಯ ವ್ಯಾಪ್ತಿಯಿಂದ ಮದ್ರಾಸ್ ಪ್ರಾಂತ ಹೊರಗಿತ್ತು; ಅಂದರೆ ಆಗ ಸೇಲಂ ಜಿಲ್ಲೆಯಲ್ಲಿದ್ದ ಹೊಸೂರೂ ಹೊರಗೇ. ಆದರೆ ಸಮೀಕ್ಷೆಗೆ ಸಂಬಂಧಿಸಿ 1913 ಮತ್ತು 1929ರ ನಡುವೆ ಮಾಡಿಸಿದ ಗ್ರಾಮಫೋನ್ ಧ್ವನಿಮುದ್ರಣಗಳಲ್ಲಿ ಮದ್ರಾಸ್ ಪ್ರಾಂತದ ಭಾಷೆಗಳೂ ಸೇರಿಕೊಂಡವು. ಒಂದು ಶತಮಾನದ ಹಿಂದಿನವರು ಹ್ರಸ್ವವನ್ನು ಎಷ್ಟು ಹ್ರಸ್ವವಾಗಿ, ದೀರ್ಘವನ್ನು ಎಷ್ಟು ದೀರ್ಘವಾಗಿ ನುಡಿಯುತ್ತಿದ್ದರೆಂದು ಇಂಥ ತಟ್ಟೆಗಳಿಂದ ಅಳೆಯ ಹೊರಟವನಿಗೆ ತಟ್ಟೆಯ ವೇಗವೇ ಅಳತೆಗೋಲು. ಕೋಲೇ ಗಿಡ್ಡವಾದರೆ ಅಳತೆಗೆ ಅರ್ಥವಿಲ್ಲ.

ಯಾವ ಬಗೆಯ ಯಂತ್ರ ವೇಗವನ್ನು ಕಾಯುತ್ತದೆ? ಮುಖ್ಯವಾಗಿ ಎರಡು ಪಂಥಗಳಿವೆ, ಎರಡರ ಅನುಯಾಯಿಗಳ ಜಗಳವೂ ದ್ವೈತಾದ್ವೈತಗಳ ಜಗಳದಷ್ಟೇ ಬಿರುಸು. ಒಂದು ಬೆಲ್ಟಿನ ಪಂಥ. ಮೋಟಾರನ್ನು ದೂರವಿಟ್ಟು ರಬ್ಬರ್ ಪಟ್ಟಿಯಿಂದ ತಟ್ಟೆಯ ಪೀಠವನ್ನು ತಿರುಗಿಸಿದರೆ ಮೋಟಾರಿನ ನಡುಕ ಪಟ್ಟಿಯಲ್ಲಿಯೇ ಇಂಗಿಹೋಗುತ್ತದೆ. ಸ್ಕಾಟ್‌ಲೆಂಡಿನ ಲಿನ್ ಕಂಪನಿಯ ಎಲ್‌ಪಿ 12 ಈ ಪಂಥದ ಪ್ರಸಿದ್ಧ ಮಾದರಿ. ತೋಡಿನಿಂದ ಎತ್ತಿಕೊಳ್ಳದೆ ಬಿಟ್ಟದ್ದನ್ನು ಮುಂದೆ ಯಾವ ಆಂಪ್ಲಿಫೈಯರೂ ಯಾವ ಸ್ಪೀಕರೂ ಹುಟ್ಟಿಸಲಾರದು, ಆದ್ದರಿಂದ ಹಣವನ್ನು ಮೂಲದಲ್ಲಿಯೇ ಹಾಕಬೇಕು ಎಂದು 1970ರ ದಶಕದಲ್ಲಿ ವಾದಿಸಿ ಗೆದ್ದವರು ಅವರು. ವಾದ ಸರಿಯಾದದ್ದೇ. ಆದರೆ ಆ ಯಂತ್ರಕ್ಕೆ 78ರ ವೇಗವಿಲ್ಲ. ಇಂಗ್ಲೆಂಡಿನ ರೇಗಾ ಕಂಪನಿ 78ಕ್ಕೆಂದೇ ಮೀಸಲಾದ ಪ್ರತ್ಯೇಕ ಮಾದರಿಯನ್ನು ಮಾಡಿದೆ. ಎರಡು ಯಂತ್ರಗಳನ್ನು ಇಡಲು ಜಾಗ ಇರುವವರಿಗೆ ಅದೂ ಒಂದು ದಾರಿ.

ಇನ್ನೊಂದು ನೇರ ಚಾಲನೆಯ ಪಂಥ: ಪೀಠದ ಅಚ್ಚೇ ಮೋಟಾರಿನ ಅಚ್ಚು. ಜಪಾನಿನ ಟೆಕ್ನಿಕ್ಸ್ ಇದನ್ನು 1970ರಲ್ಲಿ ಎಸ್‌ಪಿ 10 ಎಂಬ ಮಾದರಿಯಿಂದ ಆರಂಭಿಸಿತು. 1972ರಲ್ಲಿ ಬಂದ ಎಸ್‌ಎಲ್ 1200 ಮುಂದೆ ನೃತ್ಯಶಾಲೆಗಳ ಡಿಜೆಗಳ ಕೈಸೇರಿ, ಅದರಿಂದಾಗಿಯೇ ಶಿಷ್ಟ ಸಂಗೀತದವರ ಮೂಗುಮುರಿಯುವಿಕೆಗೂ ಗುರಿಯಾಯಿತು. 2010ರಲ್ಲಿ ನಿಂತುಹೋದ ಅದರ ತಯಾರಿಕೆ 2016ರಲ್ಲಿ ಮರಳಿ ಮೊದಲಾಯಿತು. ಇಂಥ ಯಂತ್ರಗಳಲ್ಲಿ ವೇಗವನ್ನು ಕಾಯುವುದು ಕ್ವಾರ್ಟ್ಜ್ ಹರಳು. ಊರಿನ ವಿದ್ಯುತ್ತಿನ ಆವರ್ತನ ಏನಾದರೂ ಆಗಲಿ, ಹರಳಿನ ಲೆಕ್ಕ ತಪ್ಪುವುದಿಲ್ಲ. ಕೈಗಡಿಯಾರವನ್ನು ನಂಬುವವರು ಇದನ್ನೂ ನಂಬಬಹುದು. 78ರ ವೇಗ, ವೇಗವನ್ನು ಸರಿಹೊಂದಿಸುವ ಕೀಲಿ, ತಲೆಯನ್ನು ಬಿಚ್ಚಿ ಬೇರೆ ತಲೆ ಹಾಕಬಹುದಾದ ತೋಳು, ಈ ಮೂರೂ ಒಂದೇ ಯಂತ್ರದಲ್ಲಿ ದೊರೆತರೆ ಬೆರೆತ ಸಂಗ್ರಹವುಳ್ಳ ಕನ್ನಡದ ಮನೆಗೆ ಅದಕ್ಕಿಂತ ಅನುಕೂಲವಾದದ್ದು ಬೇರೆ ಇಲ್ಲ. ನೋಡಲು ಅಂದವಿಲ್ಲವೆಂಬ ಆಕ್ಷೇಪಕ್ಕೆ ಬೆಲೆ ಕೊಡಬೇಕಾಗಿಲ್ಲ. ಸಂಪಾದಿತ ಕೃತಿಯನ್ನು ರಕ್ಷಾಪುಟ ನೋಡಿ ಯಾರೂ ಅಳೆಯುವುದಿಲ್ಲ.

ಹಳೆಯ ಥೋರೆನ್ಸ್ ಟಿಡಿ 124, ಗ್ಯಾರಾರ್ಡ್ 301 ಇವುಗಳ ಮೋಹ ಬೇರೆಯದು. 1950ರ ದಶಕದ ಈ ಯಂತ್ರಗಳಲ್ಲಿ 78ರ ವೇಗವೂ ಅದನ್ನು ತಿದ್ದುವ ಏರ್ಪಾಡೂ ಇವೆ. ಟೂಲ್‌ರೂಮಿನಲ್ಲಿ ಜೀವ ತೇಯ್ದ ಯಜಮಾನರಿಗೆ ಗ್ಯಾರಾರ್ಡಿನ ಮೇಲೆ ಮನಸ್ಸು ಹೋದದ್ದು ಸಹಜ. ಬೇರಿಂಗ್ ಸವೆದಿದ್ದರೆ ತಾವೇ ಲೇತಿನಲ್ಲಿ ಹೊಸದು ಮಾಡಿಕೊಳ್ಳಬಲ್ಲವರು ಅವರು. ಆ ಕೈ ಇಲ್ಲದವರು ಅತ್ತ ಹೋಗದಿರುವುದು ಕ್ಷೇಮ.

ತೋಳಿನ ವಿಚಾರವನ್ನು ಬೇಗ ಮುಗಿಸಬಹುದು. ಮುಳ್ಳಿನ ಹಿಂದೆ ಕಾರ್ಟ್ರಿಜ್ ಎಂಬ ಪುಟ್ಟ ಪೆಟ್ಟಿಗೆಯಿದೆ. ಅದರಲ್ಲಿ ಮುಳ್ಳಿನ ಕಂಪನಕ್ಕೆ ಅಯಸ್ಕಾಂತ ಅಲುಗಾಡಿದರೆ ಮೂರರಿಂದ ಐದು ಮಿಲಿವೋಲ್ಟು ಹುಟ್ಟುತ್ತದೆ. ತಂತಿಯ ಸುರುಳಿಯೇ ಅಲುಗಾಡುವ ಬಗೆಯದರಲ್ಲಿ ಸಾಮಾನ್ಯವಾಗಿ ಅದರ ಹತ್ತನೆಯ ಒಂದು ಪಾಲು. ಎರಡನೆಯದು ಹೆಚ್ಚು ಸೂಕ್ಷ್ಮ, ಹೆಚ್ಚು ದುಬಾರಿ, ಅದರ ಮುಳ್ಳು ಸವೆದರೆ ಬಹುಮಟ್ಟಿಗೆ ಇಡೀ ಕಾರ್ಟ್ರಿಜನ್ನೇ ಬದಲಿಸಬೇಕು. ಮುಳ್ಳನ್ನಷ್ಟೇ ಕಳಚಿ ಹಾಕಬಹುದಾದ ಮೊದಲ ಬಗೆ ಮಧ್ಯಮವರ್ಗದ ಮನೆಗೆ ಹೊಂದುತ್ತದೆ. ಭಾರವಾದ ತೋಳಿಗೆ ಬಿಗಿಯಾದ ಕಾರ್ಟ್ರಿಜ್, ಹಗುರ ತೋಳಿಗೆ ಸಡಿಲವಾದದ್ದು ಎಂಬುದು ನಿಯಮ. ಎರಡೂ ಕೂಡಿ ತಾವಾಗಿಯೇ ತೂಗಾಡುವ ಆವರ್ತನ ಸೆಕೆಂಡಿಗೆ 8ರಿಂದ 12 ಇರಬೇಕು. ಅದಕ್ಕಿಂತ ಕೆಳಗಿಳಿದರೆ ಸೊಟ್ಟಗಾದ ತಟ್ಟೆಯ ಏರಿಳಿತಕ್ಕೆ ತೋಳು ಜೋಕಾಲಿಯಾಡುತ್ತದೆ; ಮೇಲೇರಿದರೆ ಮೃದಂಗದ ತೊಪ್ಪಿಯ ನಾದಕ್ಕೆ ಇಲ್ಲದ ಗುಂಗು ಸೇರುತ್ತದೆ. ಮುಳ್ಳಿನ ಭಾರ ಎಲ್ಪಿಗೆ ಎರಡು ಗ್ರಾಮಿನ ಆಸುಪಾಸು. ಭಾರ ಕಡಿಮೆಯಾದಷ್ಟೂ ತಟ್ಟೆ ಸುರಕ್ಷಿತವೆಂಬುದು ತಪ್ಪು ತಿಳಿವಳಿಕೆ. ಹಗುರಾದ ಮುಳ್ಳು ತೋಡಿನಲ್ಲಿ ನಿಲ್ಲದೆ ಗೋಡೆಯಿಂದ ಗೋಡೆಗೆ ಬಡಿಯುತ್ತದೆ, ಹೆಚ್ಚಿನ ಹಾನಿ ಆ ಬಡಿತದಿಂದಲೇ. ಕಾರ್ಟ್ರಿಜ್ ತಯಾರಿಸಿದವರು ಬರೆದ ಭಾರವನ್ನು ಸಣ್ಣ ತಕ್ಕಡಿಯಿಂದ ತೂಗಿ ಇಟ್ಟರೆ ಸಾಕು.

ಒಳ್ಳೆಯ ಯಂತ್ರದ ಇನ್ನೊಂದು ಗುಣ ಮೌನ. ಮುಳ್ಳಿಗೆ ಹಾಡಿನ ಕಂಪನಕ್ಕೂ ನೆಲದ ಕಂಪನಕ್ಕೂ ಭೇದ ತಿಳಿಯದು. ಬೆಂಗಳೂರಿನಿಂದ ಕೃಷ್ಣಗಿರಿಗೆ ಹೋಗುವ ಹೆದ್ದಾರಿಯಲ್ಲಿ ರಾತ್ರಿಯಿಡೀ ಲಾರಿಗಳ ಸಾಲು. ಹೊಸೂರಿನ ಮನೆಗಳ ಕಿಟಕಿಗಾಜು ಅದನ್ನು ಬಲ್ಲದು. 1961ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಪೀಠವನ್ನೂ ತೋಳನ್ನೂ ಒಂದೇ ಚೌಕಟ್ಟಿಗೆ ಬಿಗಿದು ಅದನ್ನು ಸ್ಪ್ರಿಂಗುಗಳ ಮೇಲೆ ತೂಗುಹಾಕಿದ ಅಗ್ಗದ ಟರ್ನ್‌ಟೇಬಲ್ ಒಂದನ್ನು ಮಾಡಿದ. ನೆಲ ನಡುಗಿದರೂ ಎರಡೂ ಒಟ್ಟಿಗೆ ನಡುಗುವುದರಿಂದ ಮುಳ್ಳಿಗೆ ಸುದ್ದಿ ಮುಟ್ಟುವುದಿಲ್ಲ. ಇನ್ನೊಂದು ಉಪಾಯ ತೂಕ. ಅದಕ್ಕೆ ಬೇಕಾದ ಸಾಮಗ್ರಿ ಕೃಷ್ಣಗಿರಿ ಜಿಲ್ಲೆಯಲ್ಲಿ ಕಾಲಡಿಯಲ್ಲಿಯೇ ಇದೆ. ಇಲ್ಲಿಯ ಗ್ರಾನೈಟ್ ದೂರದ ದೇಶಗಳಿಗೆ ಹೋಗುತ್ತದೆ. ಕಲ್ಲು ಕೊಯ್ಯುವವರ ಬಳಿ ಉಳಿದ ತುಂಡು ಹಲಗೆ ಅಗ್ಗವಾಗಿ ಸಿಗುತ್ತದೆ. ಆದರೆ ಬರಿಯ ಕಲ್ಲನ್ನು ತಟ್ಟಿ ನೋಡಿದರೆ ಅದು ಗಣಗಣ ಎನ್ನುತ್ತದೆ. ಹಂಪೆಯ ಕಂಬಗಳನ್ನು ತಟ್ಟಿದವರಿಗೆ ಗೊತ್ತಿರುವ ಗುಣ ಅದು. ಕಲ್ಲಿನ ಕೆಳಗೆ ದಪ್ಪ ರಬ್ಬರನ್ನೋ ಬೆಂಡನ್ನೋ ಹಾಸಿದರೆ ಆ ನಾದ ಸತ್ತು ತೂಕ ಮಾತ್ರ ಉಳಿಯುತ್ತದೆ. ದುಬಾರಿ ಅಂಗಡಿಗಳಲ್ಲಿ ಸಾವಿರಾರು ರೂಪಾಯಿಗೆ ಮಾರುವ ಪೀಠಗಳು ಮಾಡುವ ಕೆಲಸವೂ ಇದೇ.

ಕೊನೆಯದಾಗಿ ಬರವಣಿಗೆಯ ಸಂಕೇತದ ಪ್ರಶ್ನೆ. ತಟ್ಟೆ ಕೊರೆಯುವಾಗ ಮಂದ್ರಧ್ವನಿಯನ್ನು ಇದ್ದಷ್ಟೇ ಕೊರೆದರೆ ತೋಡು ಪಕ್ಕದ ತೋಡಿಗೆ ನುಗ್ಗುತ್ತದೆ. ಆದ್ದರಿಂದ ಮಂದ್ರವನ್ನು ತಗ್ಗಿಸಿ ತಾರವನ್ನು ಹಿಗ್ಗಿಸಿ ಕೊರೆಯುತ್ತಾರೆ. ಓದುವಾಗ ಫೋನೋ ಪ್ರಿಆಂಪ್ ಎಂಬ ಉಪಕರಣ ಅದನ್ನು ತಿರುವಿ ಸರಿಮಾಡುತ್ತದೆ. 1954ರಲ್ಲಿ ಆರ್‌ಐಎಎ ಎಂಬ ಒಂದು ಸಾಮಾನ್ಯ ಸಂಕೇತ ನೆಲೆಗೊಂಡಿತು, ಎಲ್ಪಿಗಳಿಗೆ ಅದು ಹೊಂದುತ್ತದೆ. ಅದಕ್ಕೆ ಹಿಂದಿನ 78ರ ಪ್ಲೇಟುಗಳಿಗೆ ಕಂಪನಿಗೊಂದು ಕಾಲಕ್ಕೊಂದು ಸಂಕೇತ. ಇಂದಿನ ಪ್ರಿಆಂಪ್ ಅವನ್ನು ಆರ್‌ಐಎಎ ಎಂದೇ ತಿಳಿದು ಓದಿದರೆ ಸ್ವರದ ಬಣ್ಣ ಕೆಡುತ್ತದೆ, ಸಾಮಾನ್ಯವಾಗಿ ಕೆಳದನಿ ಉಬ್ಬಿ ಮೇಲುದನಿ ಮುಚ್ಚಿಹೋಗುತ್ತದೆ. ಹಳಗನ್ನಡದ ಱ, ೞಗಳನ್ನು ಇಂದಿನ ರ, ಳಗಳೆಂದು ಓದಿಬಿಟ್ಟ ಹಾಗೆ. ಸಂಕೇತವನ್ನು ಬದಲಿಸಬಹುದಾದ ಪ್ರಿಆಂಪ್ 78ರ ಸಂಗ್ರಹಕ್ಕೆ ಅಗತ್ಯ. ಅದರಲ್ಲಿ ಮೋನೋ ಗುಂಡಿ ಇರುವುದೂ ಅಷ್ಟೇ ಅಗತ್ಯ. 78ರ ತೋಡಿನಲ್ಲಿ ಹಾಡಿರುವುದು ಅಡ್ಡಲಾಗಿ ಮಾತ್ರ. ಮೇಲುಕೆಳಗಿನ ಕಂಪನವೆಲ್ಲ ಧೂಳು, ಸವಕಲು. ಎರಡು ಚಾನಲ್ಲುಗಳನ್ನು ಕೂಡಿಸಿದೊಡನೆ ಆ ಕಸ ತನ್ನನ್ನು ತಾನೇ ಕಳೆದುಕೊಳ್ಳುತ್ತದೆ. ಒಂದು ಗುಂಡಿಗೆ ಇಷ್ಟು ದೊಡ್ಡ ಫಲ ಸಿಗುವುದು ಅಪರೂಪ. ಬೆಳ್ಳಿಯ ತಂತಿ, ಚಿನ್ನದ ತುದಿ ಮೊದಲಾದವನ್ನು ಇದೆಲ್ಲ ಆದ ಮೇಲೂ ಹಣ ಉಳಿದವರು ನೋಡಿಕೊಳ್ಳಲಿ.

ತಟ್ಟೆ ನಮಗೆ ಕೊಟ್ಟಿರುವುದು ಪೂರ್ಣಪಾಠವಲ್ಲ ಎಂಬುದನ್ನೂ ಕೇಳುವವರು ಮರೆಯಬಾರದು. ಹತ್ತು ಇಂಚಿನ 78ರ ಒಂದು ಬದಿಗೆ ಮೂರು ನಿಮಿಷ. ಅಷ್ಟರೊಳಗೆ ಹಿಡಿಸಲು ದಾಸರ ಪದದ ಚರಣಗಳು ಬಿದ್ದುಹೋಗಿವೆ, ಖಯಾಲಿನ ವಿಲಂಬಿತ ಮಾಯವಾಗಿದೆ. ಯಾವ ಪದದ ಯಾವ ಚರಣ ಜನರ ಬಾಯಲ್ಲಿ ಉಳಿಯಿತು, ಯಾವುದು ಉಳಿಯಲಿಲ್ಲ ಎಂಬುದರಲ್ಲಿ ಈ ಮೂರು ನಿಮಿಷಗಳ ಪಾತ್ರವನ್ನು ಯಾರಾದರೂ ವಿದ್ಯಾರ್ಥಿ ಹುಡುಕಬೇಕು. ಮುದ್ರಿತ ಪಾಠವನ್ನು ಪಕ್ಕದಲ್ಲಿಟ್ಟುಕೊಂಡು ಪ್ಲೇಟು ಕೇಳಿದರೆ ಒಂದು ಕಿರುಪ್ರಬಂಧಕ್ಕೆ ಸಾಕಷ್ಟು ಸಾಮಗ್ರಿ ಅಲ್ಲಿಯೇ ಇದೆ.

ಹೊಸೂರಿನ ಮನೆಗೆ ಬಂದದ್ದು ಹರಳಿನ ವೇಗದ, ತಲೆ ಬಿಚ್ಚಿ ಹಾಕಬಹುದಾದ ಒಂದು ಯಂತ್ರ. ಎರಡು ತಲೆ, ಒಂದಕ್ಕೆ ಎಲ್ಪಿಯ ಅಂಡಾಕಾರದ ಮುಳ್ಳು, ಇನ್ನೊಂದಕ್ಕೆ 78ರದು. ಸಂಕೇತ ಬದಲಿಸುವ ಪ್ರಿಆಂಪ್ ಜೊತೆಗೆ ಬಂತು. ಎರಡು ಲಕ್ಷದಲ್ಲಿ ಒಂದಿಷ್ಟು ಉಳಿಯಿತು. ಶೂಲಗಿರಿಯ ಕಡೆಯಿಂದ ತಂದ ಕಲ್ಲಿನ ಹಲಗೆಯ ಕೆಳಗೆ ಹಳೆಯ ಟೈರಿನ ತುಂಡುಗಳು ಸೇರಿದವು. ಯಜಮಾನರು ಒಂದು ಕಾಗದದ ವೃತ್ತದ ಅಂಚಿಗೆ ಕಪ್ಪು ಗೆರೆಗಳನ್ನು ಎಳೆದು ಪೀಠದ ಮೇಲಿಟ್ಟು ಟ್ಯೂಬ್‌ಲೈಟಿನ ಕೆಳಗೆ ತಿರುಗಿಸಿದರು. ಚೋಕ್ ಇರುವ ಹಳೆಯ ಟ್ಯೂಬ್‌ಲೈಟು ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ. 33⅓ರ ವೇಗ ಸರಿಯಿದ್ದರೆ 180 ಗೆರೆಗಳ ವೃತ್ತ ನಿಂತಂತೆ ಕಾಣುತ್ತದೆ. 78ಕ್ಕೆ ಲೆಕ್ಕ ಪೂರ್ಣಾಂಕಕ್ಕೆ ಬರುವುದಿಲ್ಲ. 77 ಗೆರೆ ಎಳೆದರೆ ಅವು ನಿಲ್ಲುವುದು 77.92ರಲ್ಲಿ. ಗೆರೆಗಳು ತೀರ ನಿಧಾನವಾಗಿ ಮುಂದಕ್ಕೆ ತೆವಳಿದವು, ಕೀಲಿಯನ್ನು ಕೂದಲೆಳೆಯಷ್ಟು ತಿರುಗಿಸಿದಾಗ ನಿಂತವು. ಅನಂತರ ತಂದೆಯ ಕಾಲದ ಒಂದು ಪ್ಲೇಟನ್ನು ಇಟ್ಟರು. ಅದರ ಕಾಗದದ ಚೀಲದ ಮೇಲೆ ಹಾಡಿನ ಹೆಸರು ಮೋಡಿ ಲಿಪಿಯಲ್ಲಿದೆ; ಆ ಅಕ್ಷರ ಮಗಳಿಗೆ ಓದಲು ಬಾರದು. ಎರಡನೆಯ ಸಲ ನುಡಿಸಿ, ಹಾರ್ಮೋನಿಯಮ್ಮಿಗೆ ಹಿಡಿದು ನೋಡಿ, ವೇಗವನ್ನು 76ಕ್ಕೆ ಇಳಿಸಿದ ಮೇಲೆ ಯಜಮಾನರು ತಲೆಯಾಡಿಸಿದರು. ಮಗಳು ಮೋಡಿಯ ಸಾಲಿನ ಕೆಳಗೆ ಪೆನ್ಸಿಲ್ಲಿನಿಂದ ಕನ್ನಡದಲ್ಲಿ ಬರೆದಳು: ವೇಗ 76, ಮುಳ್ಳು 70 ಮೈಕ್ರಾನ್, ಮೋನೋ.